ಹೆಸರಿಲ್ಲದ ಹಳೆ ಕ್ಯಾಮೆರಾದ ವಯಸ್ಸು ಹುಡುಕುವುದು ಹೇಗೆ?

ತೀರ್ಥಹಳ್ಳಿಯ ಅಜ್ಜನ ಮನೆಯ ಅಟ್ಟ ಖಾಲಿ ಮಾಡುವಾಗ ತಗಡಿನ ಟ್ರಂಕಿನಲ್ಲಿ ಒಂದು ಮಡಚುವ ಕ್ಯಾಮೆರಾ ಸಿಕ್ಕಿತು. ಕಪ್ಪು ಚರ್ಮದ ಹೊದಿಕೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಹೆಸರಿಲ್ಲ, ಊರಿಲ್ಲ. ಸೋದರಮಾವನನ್ನು ಕೇಳಿದೆ. "ಅದು ಕೊಡಾಕ್ ಕಣೋ" ಅಂದರು. ಅವರಿಗೆ ಲೆನ್ಸ್ ಇರುವುದೆಲ್ಲ ಕೊಡಾಕೇ. ಮುಚ್ಚಳ ತೆಗೆದು ನೋಡಿದರೆ ಶಟರಿನ (ಬೆಳಕನ್ನು ಕ್ಷಣಕಾಲ ಒಳಗೆ ಬಿಟ್ಟು ಮುಚ್ಚುವ ಬಾಗಿಲು) ಸುತ್ತ "ಪ್ರೊಂಟರ್" ಎಂದು ಕೆತ್ತಿತ್ತು. ಸರಿ, ಪ್ರೊಂಟರ್ ಕಂಪನಿಯ ಕ್ಯಾಮೆರಾ ಎಂದುಕೊಂಡು ಒಂದು ವಾರ ಹುಡುಕಿದೆ. ಹುಡುಕಿದ್ದೇ ಬಂತು, ಆ ಹೆಸರಿನ ಕ್ಯಾಮೆರಾ ಕಂಪನಿಯೇ ಇಲ್ಲ.

ಪ್ರೊಂಟರ್ ಎನ್ನುವುದು ಬರೀ ಶಟರಿನ ಹೆಸರು. ಜರ್ಮನಿಯ ಕಾಲ್ಂಬಾಖ್ ಊರಿನ ಗೋತಿಯೆ ಕಂಪನಿ ಅದನ್ನು ತಯಾರಿಸಿ ಬೇರೆ ಬೇರೆ ಕ್ಯಾಮೆರಾ ಕಾರ್ಖಾನೆಗಳಿಗೆ ಮಾರುತ್ತಿತ್ತು. ಮ್ಯೂನಿಕ್‌ನ ಡೆಕೆಲ್ ಕಂಪನಿಯ ಕಾಂಪುರ್ ಶಟರಿನ ಕಥೆಯೂ ಅದೇ. ಲೆನ್ಸ್ ಇನ್ನೊಬ್ಬರದು. ಡಬ್ಬ ಮತ್ತೊಬ್ಬರದು. ನಮ್ಮ ಖಾಸಗಿ ಬಸ್ಸುಗಳನ್ನು ನೆನೆಸಿಕೊಳ್ಳಿ. ಚಾಸಿ ಒಂದು ಕಂಪನಿಯದು, ಬಾಡಿ ಕಟ್ಟಿದವರು ಬೇರೆ, ನೆತ್ತಿಯ ಮೇಲೆ ಬರೆದಿರುವ ಹೆಸರು ಮಾಲೀಕರದು. ಹಳೆಯ ಕ್ಯಾಮೆರಾಗಳಲ್ಲಿ ಬಹುಪಾಲು ಹೀಗೇ.

ಹಾಗಾಗಿ "ಈ ಕ್ಯಾಮೆರಾ ಯಾವ ವರ್ಷದ್ದು?" ಎಂದು ಒಂದೇ ಏಟಿಗೆ ಕೇಳಬೇಡಿ. ಒಂದೊಂದು ಭಾಗಕ್ಕೂ ಬೇರೆ ಬೇರೆ ವಯಸ್ಸು ಕೇಳಿ. ಎಲ್ಲಕ್ಕಿಂತ ಹೊಸ ಭಾಗ ಯಾವುದೋ, ಕ್ಯಾಮೆರಾ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕೆಳಗಿನ ಎಲ್ಲ ಹೆಜ್ಜೆಗಳೂ ನಿಂತಿರುವುದು ಈ ಒಂದು ಲೆಕ್ಕದ ಮೇಲೆ.

ಹಿಂಬಾಗಿಲು ತೆಗೆಯುವ ಮೊದಲು

ಒಳಗೆ ರೀಲು ಇದೆಯಾ ನೋಡಿ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಹತ್ತು ವರ್ಷದ ಹಿಂದೆ ಗೆಳೆಯನ ಮನೆಯ ಡಬ್ಬಾ ಕ್ಯಾಮೆರಾವನ್ನು ಕೈಗೆ ಸಿಕ್ಕ ತಕ್ಷಣ ಪಟ್ಟನೆ ತೆಗೆದೆ. ಒಳಗೆ ಅರ್ಧ ತೆಗೆದ ರೀಲಿತ್ತು, ಬೆಳಕು ಬಿದ್ದು ಹಾಳಾಯಿತು. ಅವರ ತಾಯಿ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹಿಂದೆ ಕೆಂಪು ಗಾಜಿನ ಸಣ್ಣ ಕಿಟಕಿ ಇದ್ದರೆ ಅದರಲ್ಲಿ ಇಣುಕಿ. ಕಾಗದ, ಅಂಕಿ, ಬಾಣದ ಗುರುತು ಏನಾದರೂ ಕಂಡರೆ ರೀಲು ಇದೆ ಎಂದರ್ಥ. ಕಿಟಕಿ ಇಲ್ಲದ 35 ಎಂಎಂ ಕ್ಯಾಮೆರಾ ಆದರೆ ರೀಲು ಹಿಂದಕ್ಕೆ ಸುತ್ತುವ ಗುಂಡಿಯನ್ನು ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ. ಏನೋ ಬಿಗಿಯಾಗಿ ಎಳೆದಂತೆ ಆದರೆ ಅಲ್ಲೇ ನಿಲ್ಲಿಸಿ. ಹಳೆಯ ರೀಲಿನಿಂದಲೂ ಕೆಲವೊಮ್ಮೆ ಚಿತ್ರ ಬರುತ್ತದೆ. ಕಪ್ಪು-ಬಿಳುಪು ತೊಳೆಯುವವರು ಸಿಗುವ ತನಕ ಕಾಯಿರಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸ್ಕೇಲು, ಟಾರ್ಚ್, ಭೂತಗನ್ನಡಿ, ಮೆತ್ತನೆಯ ಬ್ರಷ್, ನೋಟ್‌ಬುಕ್ಕು. ಸ್ಪಿರಿಟ್ಟು, ಕೊಬ್ಬರಿ ಎಣ್ಣೆ, ಹುಣಸೆಹಣ್ಣು ಎಲ್ಲ ಅಡುಗೆಮನೆಯಲ್ಲೇ ಇರಲಿ. ಕೆತ್ತಿದ ಅಕ್ಷರದೊಳಗಿನ ಬಿಳಿ ಬಣ್ಣ ಸ್ಪಿರಿಟ್ಟಿಗೆ ಕರಗಿ ಹೋಗಬಹುದು. ಆಮೇಲೆ ಓದುವುದಕ್ಕೆ ಏನೂ ಉಳಿಯುವುದಿಲ್ಲ.

ಮೊದಲ ಹೆಜ್ಜೆ: ಯಾವ ರೀಲಿನ ಕ್ಯಾಮೆರಾ?

ಹೆಸರು ಅಳಿಸಿಹೋಗಬಹುದು, ರೀಲು ಕೂರುವ ಜಾಗ ಅಳಿಯುವುದಿಲ್ಲ. ಒಂದೊಂದು ಬಗೆಯ ರೀಲಿಗೂ ಹುಟ್ಟಿದ ವರ್ಷ ಗೊತ್ತಿದೆ. 120 ನಂಬರಿನ ರೀಲು ಬಂದದ್ದು 1901ರಲ್ಲಿ, ಈಗಲೂ ಸಿಗುತ್ತದೆ. 127 ಬಂದದ್ದು 1912ರಲ್ಲಿ. ಅದರ ಫಿಲ್ಮ್ ಅಗಲ 46 ಎಂಎಂ, 120ರದ್ದು ಸುಮಾರು 61. ಕೊಡಾಕ್‌ನವರು 1930ರ ದಶಕದ ಶುರುವಿನಲ್ಲಿ 620 ತಂದರು. ಫಿಲ್ಮು 120ರದ್ದೇ, ಸುತ್ತುವ ಕಡ್ಡಿ ಮಾತ್ರ ಸಪೂರ. ನಿಮ್ಮ ಕ್ಯಾಮೆರಾದಲ್ಲಿ 120ರ ಸ್ಪೂಲು ಒಂದು ಕೂದಲೆಳೆ ಅಂತರದಲ್ಲಿ ಕೂರದೆ ಸತಾಯಿಸಿದರೆ ಅದು 620ರದ್ದು ಇರಬಹುದು. ಹಾಗಿದ್ದರೆ 1930ಕ್ಕಿಂತ ಹಿಂದಿನದಲ್ಲ.

ಈಗ ನಾವು ಬಳಸುವ 35 ಎಂಎಂ ಡಬ್ಬಿ ಬಂದದ್ದು 1934ರಲ್ಲಿ. ಅದಕ್ಕೂ ಮುಂಚೆ 1925ರಲ್ಲೇ ಜರ್ಮನಿಯ ಲೈಕಾ ಕ್ಯಾಮೆರಾ ಇತ್ತು ನಿಜ, ಆದರೆ ಅದರ ರೀಲಿನ ಡಬ್ಬಿ ಅದಕ್ಕೇ ಮಾಡಿದ್ದು. ಪ್ಲಾಸ್ಟಿಕ್ ಡಬ್ಬಿಯನ್ನು ಹಾಗೇ ಇಳಿಸುವ 126ರ ಕ್ಯಾಮೆರಾ 1963ರ ಈಚಿನದು, ಬೆರಳಿನಷ್ಟೇ ಸಪೂರದ 110ರದ್ದು 1972ರ ಈಚಿನದು. ರೀಲಿನ ಡಬ್ಬಿ ಕೂರುವ ಗೂಡಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಪುಟ್ಟ ಪುಟ್ಟ ಮೊಳೆಯಂಥವು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ರೀಲಿನ ವೇಗವನ್ನು (ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದನ್ನು) ಕ್ಯಾಮೆರಾವೇ ಓದಿಕೊಳ್ಳುವ ಆ ಏರ್ಪಾಡು 1983ರಲ್ಲಿ ಬಂದದ್ದು.

ಆಮೇಲೆ ಚಿತ್ರ ಬೀಳುವ ಚೌಕಟ್ಟನ್ನು ಅಳೆಯಿರಿ. 120ರ ರೀಲಿನಲ್ಲಿ 6×9 ಸೆಂ.ಮೀ. ಆದರೆ 8 ಫೋಟೋ, 6×6 ಆದರೆ 12, 6×4.5 ಆದರೆ 16. ಸ್ಕೇಲಿನಲ್ಲಿ ಸರಿಯಾಗಿ 6 ಬರುವುದಿಲ್ಲ, 5.6 ಹತ್ತಿರ ಬರುತ್ತದೆ. ಗಾಬರಿ ಬೇಡ. ರೀಲಿನ ಬೆನ್ನಿನ ಕಾಗದದ ಮೇಲೆ ಈ ಮೂರು ಅಳತೆಗೂ ಬೇರೆ ಬೇರೆ ಸಾಲಿನಲ್ಲಿ ಅಂಕಿ ಇರುತ್ತದೆ. ಕೆಂಪು ಕಿಟಕಿ ನಡು ಸಾಲಿಗೆ ಸರಿಯಾಗಿದ್ದರೆ 6×6.

ಆ ಕಿಟಕಿಯೂ ಮಾತಾಡುತ್ತದೆ. ಮೊದಮೊದಲ ಫಿಲ್ಮ್‌ಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಅದಕ್ಕೇ ಕಿಟಕಿಗೆ ಬರೀ ಕೆಂಪು ಗಾಜು ಸಾಕಾಗುತ್ತಿತ್ತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮ್ ಮನೆಮನೆಗೆ ಬಂದ ಮೇಲೆ ಕಿಟಕಿಗೆ ಜಾರುವ ಮುಚ್ಚಳ ಹಾಕತೊಡಗಿದರು. ಮುಚ್ಚಳ ಇಲ್ಲದ್ದು ಹಳೆಯದೇ ಅಂತೇನಿಲ್ಲ, ಅಗ್ಗದ ಡಬ್ಬಾ ಕ್ಯಾಮೆರಾಗಳಲ್ಲಿ ಬಹಳ ಕಾಲ ಅದನ್ನು ಹಾಕಲಿಲ್ಲ. ಮುಚ್ಚಳ ಇದ್ದರೆ ಮಾತ್ರ 1930ರ ದಶಕ ಅಥವಾ ಈಚೆ ಎಂದು ಇಟ್ಟುಕೊಳ್ಳಬಹುದು.

ಅಜ್ಜನ ಕ್ಯಾಮೆರಾ? 120ರ ರೀಲು, 6×6, ಕಿಟಕಿಗೆ ಜಾರುವ ಮುಚ್ಚಳ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 1930ರ ಈಚೆ.

ಒಳಗೆ ಖಾಲಿ ಸ್ಪೂಲು ಉಳಿದಿದ್ದರೆ ಅದನ್ನೂ ನೋಡಿ. ಬಹಳ ಹಳೆಯವು ಮರದ ಕಡ್ಡಿಯವು, ಆಮೇಲೆ ಪೂರ್ತಿ ಲೋಹದವು, ನಂತರ ಪ್ಲಾಸ್ಟಿಕ್ಕಿನವು. ಇದರಿಂದ ತಿಳಿಯುವುದು ಕ್ಯಾಮೆರಾವನ್ನು ಕೊನೆಗೆ ಯಾವಾಗ ಬಳಸಿದರು ಎಂಬುದು. ಯಾವಾಗ ಮಾಡಿದರು ಎಂಬುದಲ್ಲ.

ಎರಡನೇ ಹೆಜ್ಜೆ: ಶಟರಿನ ಅಂಕಿಗಳು

ನಿಮಗೆ ಒಂದೇ ಹೆಜ್ಜೆಗೆ ಪುರುಸೊತ್ತು ಇದ್ದರೆ ಇದನ್ನು ಮಾಡಿ. ಕ್ಯಾಮೆರಾದ ಜಾತಕ ಇರುವುದೇ ಇಲ್ಲಿ.

ಲೆನ್ಸಿನ ಸುತ್ತಲಿನ ಬಳೆಯ ಮೇಲೆ ಶಟರಿನ ವೇಗಗಳನ್ನು ಕೆತ್ತಿರುತ್ತಾರೆ. 25 ಎಂದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ. ಎಲ್ಲ ಅಂಕಿಗಳನ್ನೂ ಸಾಲಾಗಿ ಬರೆದುಕೊಳ್ಳಿ. 1, 2, 5, 10, 25, 50, 100 ಎಂದು ಹೋಗುತ್ತಿದ್ದರೆ ಅದು ಹಳೆಯ ಪದ್ಧತಿ. 1, 2, 4, 8, 15, 30, 60, 125 ಎಂದಿದ್ದರೆ ಹೊಸದು. ಜರ್ಮನ್ ಕ್ಯಾಮೆರಾಗಳಲ್ಲಿ ಹಳೆಯ ಸಾಲು ಹೋಗಿ ಹೊಸದು ಬಂದದ್ದು 1950ರ ದಶಕದ ನಡುವಿನಲ್ಲಿ. 25 ಇದೆಯೋ, 30 ಇದೆಯೋ? ಇದೊಂದು ನೋಡಿದರೆ ಕಾಲು ಭಾಗ ಕೆಲಸ ಮುಗಿದಂತೆ.

ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ತೂತಿನ ಅಳತೆ, ಅದರ ಅಂಕಿಗಳೂ ಹಾಗೇ. 2.8, 4, 5.6, 8, 11, 16 ಎಂಬುದು ನಮಗೆ ಗೊತ್ತಿರುವ ಸಾಲು. 6.3, 9, 12.5, 18 ಎಂದಿದ್ದರೆ ಯುರೋಪಿನ ಹಳೆಯ ಸಾಲು. ಬರೀ 4, 8, 16, 32, 64, 128 ಎಂದು ಇಮ್ಮಡಿಯಾಗುತ್ತ ಹೋದರೆ ಅದು ಇನ್ನೂ ಹಿಂದಿನದು. ಹಳೆಯ ಕೊಡಾಕ್‌ಗಳಲ್ಲಿ 1920ರ ದಶಕದವರೆಗೂ ಕಾಣಸಿಗುತ್ತದೆ. ಈ ಸಾಲಿನ 4 ಎಂದರೆ ಇಂದಿನ ಎಫ್ 8. ಎರಡೂ ಸಾಲುಗಳು ಸೇರುವುದು 16ರಲ್ಲಿ ಮಾತ್ರ. ಇದು ಗೊತ್ತಿಲ್ಲದೆ ಒಂದು ರೀಲು ಪೂರ್ತಿ ಕತ್ತಲೆ ಮಾಡಿಕೊಂಡಿದ್ದೇನೆ, ಇರಲಿ.

ಕಾಂಪುರ್ ಆದರೆ ಅದರ ಆಕಾರವೇ ವಯಸ್ಸು ಹೇಳುತ್ತದೆ. ವೇಗ ಬದಲಿಸುವ ಪುಟ್ಟ ಚಕ್ರ ಲೆನ್ಸಿನ ನೆತ್ತಿಯ ಮೇಲೆ ಬೇರೆಯಾಗಿ ಕೂತಿದ್ದರೆ ಅದು ಮೊದಲ ಬಗೆ, 1912ರಿಂದ ಬಂದದ್ದು. ಸುತ್ತಲಿನ ಬಳೆಯನ್ನೇ ತಿರುಗಿಸುವ ಬಗೆ ಬಂದದ್ದು 1920ರ ದಶಕದ ಕೊನೆಗೆ. "ಕಾಂಪುರ್ ರ‍್ಯಾಪಿಡ್" ಎಂದಿದ್ದರೆ 1930ರ ದಶಕದ ನಡುವಿನಿಂದ ಈಚೆ. "ಸಿಂಕ್ರೊ ಕಾಂಪುರ್" ಎಂದಿದ್ದರೆ 1950ರ ದಶಕ ಅಥವಾ ಆಮೇಲೆ.

ಫ್ಲ್ಯಾಶ್‌ಗೆ ವಯರು ಚುಚ್ಚುವ ಪುಟ್ಟ ತೂತು ಶಟರಿನ ಪಕ್ಕದಲ್ಲಿ ಇದೆಯಾ? ಸಾಮಾನ್ಯ ಮನೆಬಳಕೆಯ ಕ್ಯಾಮೆರಾದಲ್ಲಿ ಅದು ಕಂಡರೆ ಎರಡನೇ ಮಹಾಯುದ್ಧದ ನಂತರದ್ದು ಎಂದು ಧೈರ್ಯವಾಗಿ ಬರೆಯಿರಿ. ಪಕ್ಕದಲ್ಲಿ ಎಕ್ಸ್, ಎಂ ಎಂಬ ಅಕ್ಷರ ಇರಬಹುದು. ಎಂ ಎಂದರೆ ಬಲ್ಬಿನ ಫ್ಲ್ಯಾಶ್‌ಗೆ, ಎಕ್ಸ್ ಎಂದರೆ ಎಲೆಕ್ಟ್ರಾನಿಕ್ ಫ್ಲ್ಯಾಶ್‌ಗೆ. ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗದ ನಡುವೆ ಲೋಹದ ಚುಕ್ಕೆ ಇದ್ದರೆ ಇನ್ನೂ ಈಚಿನದು. ಅದು ಎಲ್ಲ ಕ್ಯಾಮೆರಾಗಳಿಗೂ ಬಂದದ್ದು 1960ರ ದಶಕದ ಕೊನೆ, 70ರ ದಶಕದಲ್ಲಿ.

ಅಜ್ಜನ ಕ್ಯಾಮೆರಾದ ಬಳೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಪ್ರೊಂಟರ್ ಎಂಬ ಹೆಸರಿನ ಮುಂದೆ ಧೂಳು ತುಂಬಿತ್ತು. ಬ್ರಷ್ ಆಡಿಸಿದ ಮೇಲೆ "ಎಸ್‌ವಿ" ಎಂಬ ಎರಡು ಅಕ್ಷರ ಕಂಡವು. ಎಸ್ ಎಂದರೆ ಫ್ಲ್ಯಾಶ್ ಜೋಡಣೆ. ತಾನಾಗೇ ಕ್ಲಿಕ್ ಆಗುವ ಟೈಮರೂ ಸೇರಿತ್ತು. ಕೆಳಗೆ ಅದರ ಸಣ್ಣ ಕಡ್ಡಿಯೂ ಇತ್ತು, ಎಳೆದರೆ ಹಳೇ ಗಡಿಯಾರದ ಹಾಗೆ ಕಿರ್ರ್ ಎಂದು ನಡುವೆ ನಿಂತಿತು. ವೇಗಗಳು 1, 2, 5, 10, 25, 50, 100, 300. ಫ್ಲ್ಯಾಶ್ ಇದೆ, ಅಂದರೆ ಯುದ್ಧದ ನಂತರ. ವೇಗದ ಸಾಲು ಹಳೆಯದು, ಅಂದರೆ 1950ರ ದಶಕದ ನಡುವಿಗಿಂತ ಮುಂಚೆ. ಮೂವತ್ತು ವರ್ಷದ ಅನುಮಾನ ಹತ್ತು ವರ್ಷಕ್ಕಿಳಿಯಿತು. ಹೆಸರು ಇನ್ನೂ ಇಲ್ಲ, ನೋಡಿ.

ಮೂರನೆಯದು: ಲೆನ್ಸು

ಟ್ಯೂಬ್‌ಲೈಟಿನ ಕೆಳಗೆ ಲೆನ್ಸನ್ನು ಓರೆಯಾಗಿ ಹಿಡಿಯಿರಿ. ಗಾಜಿನಲ್ಲಿ ದೀಪದ ಪ್ರತಿಬಿಂಬ ಬರೀ ಬಿಳಿಯಾಗಿದ್ದರೆ ಲೇಪನ ಇಲ್ಲ. ನೀಲಿ, ನೇರಳೆ ಛಾಯೆ ಇದ್ದರೆ ಲೇಪನ ಇದೆ. ಗಾಜಿನ ಮೇಲೆ ತೆಳುಪದರ ಹಚ್ಚುವ ವಿಧಾನವನ್ನು ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದರು. ಜನಸಾಮಾನ್ಯರ ಕ್ಯಾಮೆರಾಗೆ ಅದು ಇಳಿದದ್ದು ಯುದ್ಧ ಮುಗಿದ ಮೇಲೆ. ಒಂದು ಎಚ್ಚರ: ವಯಸ್ಸಾದ ಲೇಪನವಿಲ್ಲದ ಗಾಜಿನ ಮೇಲೂ ಒಮ್ಮೊಮ್ಮೆ ಎಣ್ಣೆ ಚೆಲ್ಲಿದ ನೀರಿನ ಹಾಗೆ ಬಣ್ಣ ಮೂಡಿರುತ್ತದೆ. ಅದು ಮಚ್ಚೆ ಮಚ್ಚೆಯಾಗಿರುತ್ತದೆ. ಲೇಪನ ಸಮನಾಗಿರುತ್ತದೆ.

ಲೆನ್ಸಿನ ಬಳೆಯ ಮೇಲೆ ಊರಿನ ಹೆಸರು ಇದ್ದರೆ ನಿಮ್ಮ ಅದೃಷ್ಟ. ಯೇನಾ ಎಂದರೆ ಜೈಸ್, ಗ್ಯೋರ್ಲಿಟ್ಸ್ ಎಂದರೆ ಮೇಯರ್, ಕ್ರೊಯ್ಟ್ಸ್‌ನಾಖ್ ಎಂದರೆ ಶ್ನೈಡರ್. ಇವರ ಸೀರಿಯಲ್ ನಂಬರುಗಳ ಪಟ್ಟಿಗಳು ಸಿಗುತ್ತವೆ, ಹೋಲಿಸಿದರೆ ಒಂದೆರಡು ವರ್ಷದ ಒಳಗೆ ಗುರಿ ಮುಟ್ಟಬಹುದು. ಆದರೆ ಆ ವರ್ಷ ಲೆನ್ಸಿನದು. ಕಾರ್ಖಾನೆಯ ಕಪಾಟಿನಲ್ಲಿ ಕೂತು ಮುಂದಿನ ವರ್ಷ ಕ್ಯಾಮೆರಾಗೆ ಸೇರಿರಬಹುದು.

ಕೊಡಾಕ್‌ನ ಒಳ್ಳೆಯ ಲೆನ್ಸುಗಳಲ್ಲಿ ಒಂದು ಗುಟ್ಟು ಇದೆ. ಸುಮಾರು 1940ರಿಂದ ಅವರು ಸೀರಿಯಲ್ ನಂಬರಿನ ಮುಂದೆ ಎರಡು ಅಕ್ಷರ ಹಾಕುತ್ತಿದ್ದರು. "ಕ್ಯಾಮೆರೋಸಿಟಿ" ಎಂಬ ಪದದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಒಂದರಿಂದ ಸೊನ್ನೆಯವರೆಗಿನ ಅಂಕಿಗಳು: ಸಿ 1, ಎ 2, ಎಂ 3, ಇ 4, ಆರ್ 5, ಒ 6, ಎಸ್ 7, ಐ 8, ಟಿ 9, ವೈ 0. "ಇಎಸ್" ಎಂದಿದ್ದರೆ 47, ಅಂದರೆ 1947. ಮಂಡಿಪೇಟೆಯ ಹಳೇ ವ್ಯಾಪಾರಿಗಳು ಸೀರೆಯ ಚೀಟಿಯಲ್ಲಿ ಅಸಲು ಬೆಲೆ ಗುಟ್ಟಾಗಿ ಬರೆದಿಡುವ ಹಾಗೆಯೇ ಇದು.

ನನ್ನದರಲ್ಲಿ ಇದ್ದದ್ದು ಬರೀ "ಅನಾಸ್ಟಿಗ್ಮಾಟ್ 1:4.5, 75 ಎಂಎಂ". ಅನಾಸ್ಟಿಗ್ಮಾಟ್ ಹೆಸರಲ್ಲ, ಲೆನ್ಸಿನ ಜಾತಿ. ಗಾಜಿಗೆ ನೇರಳೆ ಛಾಯೆ ಇತ್ತು, ಅಂಚಿನಿಂದ ಅಂಚಿಗೆ ಸಮನಾಗಿ.

ನಾಲ್ಕನೆಯದು: ಅಡಗಿ ಕೂತ ಅಕ್ಷರಗಳು

ಕೋಣೆಯ ದೀಪ ಆರಿಸಿ. ಟಾರ್ಚನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ತಂದು ಅಡ್ಡಕ್ಕೆ ಬೆಳಕು ಬಿಡಿ. ಎದುರಿನಿಂದ ನೋಡಿದಾಗ ಕಾಣದ ಒತ್ತಿದ ಅಕ್ಷರ ಅಡ್ಡ ಬೆಳಕಿನಲ್ಲಿ ನೆರಳಾಗಿ ಏಳುತ್ತದೆ. ನೋಡಬೇಕಾದ ಜಾಗಗಳು: ಹಿಡಿಕೆಯ ಪಟ್ಟಿ, ಹಿಂಬಾಗಿಲಿನ ಕೆಳಂಚು, ಕ್ಯಾಮೆರಾ ನಿಲ್ಲಿಸುವ ಪುಟ್ಟ ಕಾಲಿನ ಸುತ್ತ, ಒಳಗೆ ರೀಲು ಕೂರುವ ಗೂಡಿನ ಗೋಡೆ, ಫಿಲ್ಮನ್ನು ಒತ್ತುವ ತಟ್ಟೆ. ಚರ್ಮವನ್ನು ಉಜ್ಜಬೇಡಿ, ಪೆನ್ಸಿಲ್ ಪುಡಿಯನ್ನೂ ಹಾಕಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಜಾಸ್ತಿ ಮಾಡಿದರೆ ಸಾಕು.

ದೇಶದ ಹೆಸರು ಸಿಕ್ಕಿದರೆ ಅದರ ಬರವಣಿಗೆಯನ್ನು ಗಮನಿಸಿ. "ಮೇಡ್ ಇನ್ ಆಕ್ಯುಪೈಡ್ ಜಪಾನ್" ಎಂದಿದ್ದರೆ 1945ರಿಂದ 1952ರ ನಡುವೆ. ಜರ್ಮನಿಯ ಜೊತೆ "ಯುಎಸ್ ಜೋನ್" ಎಂದಿದ್ದರೆ ಯುದ್ಧ ಮುಗಿದ ಕೆಲವೇ ವರ್ಷಗಳ ಮಾಲು. ಪಶ್ಚಿಮ ಜರ್ಮನಿ ಅಥವಾ ಡಿಡಿಆರ್ (ಪೂರ್ವ ಜರ್ಮನಿ) ಎಂದಿದ್ದರೆ 1949ರ ನಂತರ, ಏಕೆಂದರೆ ಅದಕ್ಕೂ ಮುಂಚೆ ಆ ದೇಶಗಳೇ ಇರಲಿಲ್ಲ. ರಷ್ಯನ್ ಅಕ್ಷರ ಇದ್ದು ಝೆನಿತ್, ಝೋರ್ಕಿ ಅಥವಾ ಕೀವ್ ಜಾತಿಯದಾದರೆ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ನೋಡಿ. ಬಹಳಷ್ಟು ಸಲ ಅದೇ ತಯಾರಾದ ವರ್ಷ. ಹಳೆಯ ಕೊಡಾಕ್‌ಗಳ ಒಳಗೆ ಪೇಟೆಂಟ್ ತಾರೀಖುಗಳ ಪಟ್ಟಿ ಇರುತ್ತದೆ. ಅದರಲ್ಲಿ ಕೊನೆಯದನ್ನು ಹಿಡಿಯಿರಿ. ಜನ ಮೊದಲನೆಯದನ್ನು ಹಿಡಿದು "1890ರ ಕ್ಯಾಮೆರಾ" ಎಂದು ಕುಣಿಯುತ್ತಾರೆ.

ಅಜ್ಜನ ಕ್ಯಾಮೆರಾದಲ್ಲಿ ಸಿಕ್ಕಿದ್ದು ಹಿಂಬದಿಯ ಚರ್ಮದಲ್ಲಿ ಒತ್ತಿದ ಒಂದೇ ಒಂದು ಪದ: ಜರ್ಮನಿ. ಮಾವನಿಗೆ ಫೋನ್ ಮಾಡಿ ಹೇಳಿದೆ. "ನಾನು ಅವತ್ತೇ ಹೇಳಿರಲಿಲ್ವಾ, ಫಾರಿನ್ ಮಾಲು ಅಂತ" ಅಂದರು.

ಐದನೆಯದು: ಕಟ್ಟಿದವರು ಯಾರು?

ಇಲ್ಲಿ ನಿಧಾನ ಬೇಕು. ಹೆಸರಿಲ್ಲದ ಮಡಚುವ ಕ್ಯಾಮೆರಾಗಳಲ್ಲಿ ಎಷ್ಟೋ ಅಂಗಡಿಯವರ ಹೆಸರಿನಲ್ಲಿ ಮಾರಲು ಮಾಡಿದವು. ನ್ಯೂರೆಂಬರ್ಗ್‌ನ ಫೋಟೋ ಪೋರ್ಸ್ಟ್ ಅಂಗಡಿಯವರು ಬಾಲ್ಡಾ ಮುಂತಾದ ಕಾರ್ಖಾನೆಗಳಿಂದ ಮಾಡಿಸಿ "ಹಾಪೋ" ಎಂದು ಮಾರುತ್ತಿದ್ದರು. ಅಮೆರಿಕದ ಸಿಯರ್ಸ್‌ನವರು "ಟವರ್" ಎನ್ನುತ್ತಿದ್ದರು. ಹೆಸರಿನ ತಗಡು ಕಿತ್ತುಹೋದರೆ ಮುಗಿಯಿತು, ಅನಾಥ.

ಆಗ ನೋಡಬೇಕಾದ್ದು ಯಾರೂ ಬದಲಿಸದ ಭಾಗಗಳನ್ನು. ಮುಂಬಾಗಿಲು ತೆರೆದಾಗ ಲೆನ್ಸನ್ನು ಹಿಡಿದು ನಿಲ್ಲುವ ಕಡ್ಡಿಗಳು ಹೇಗೆ ಬಾಗಿವೆ, ರಿವೆಟ್ಟುಗಳು ಎಲ್ಲಿವೆ, ಹಿಂಬಾಗಿಲ ಚಿಲಕ ಜಾರುತ್ತದೋ ಎತ್ತುತ್ತದೋ, ರೀಲು ತಿರುಗಿಸುವ ಗುಂಡಿಯ ಅಂಚಿನ ಹಲ್ಲು ಹೇಗಿದೆ. ಒಂದೊಂದು ಕಾರ್ಖಾನೆಗೂ ಒಂದೊಂದು ಅಚ್ಚು. ಹೊರಗಿನ ಅಲಂಕಾರ ಬದಲಾಗುತ್ತದೆ, ಅಚ್ಚು ಬದಲಿಸಲು ದುಡ್ಡು ಬೇಕು. ಕ್ಯಾಮೆರಾ ತೆರೆದು ಎದುರು, ಪಕ್ಕ, ಮೇಲೆ, ಒಳಗೆ ನಾಲ್ಕು ಫೋಟೋ ತೆಗೆಯಿರಿ. ಹೆಸರಿರುವ ಕ್ಯಾಮೆರಾಗಳ ಫೋಟೋದ ಜೊತೆ ಕಡ್ಡಿಗೆ ಕಡ್ಡಿ ಹೋಲಿಸಿ. ಬೆಲ್ಲೋಸ್ (ಲೆನ್ಸಿಗೂ ಡಬ್ಬಕ್ಕೂ ನಡುವಿನ ಹಾರ್ಮೋನಿಯಂ ತಿದಿಯಂಥ ಭಾಗ) ಮಡಚುವಾಗ ಕಡ್ಡಿಯ ಲಾಕು ಬಿಟ್ಟಿದೆಯಾ ನೋಡಿಕೊಂಡೇ ಮುಚ್ಚಿ. ಬಲವಂತ ಮಾಡಿದರೆ ಹಳೇ ಬೆಲ್ಲೋಸಿನ ಮೂಲೆ ಹರಿಯುತ್ತದೆ.

ನನ್ನದರ ಕಡ್ಡಿ, ಗುಂಡಿ, ಚಿಲಕ ಮೂರೂ ಬಾಲ್ಡಾದ 1950ರ ದಶಕದ ಕ್ಯಾಮೆರಾಗಳಿಗೆ ಹೊಂದಿದವು. ಬಾಲ್ಡಾ ಮೊದಲು ಡ್ರೆಸ್‌ಡೆನ್‌ನಲ್ಲಿತ್ತು. ಯುದ್ಧದ ನಂತರ ಮಾಲೀಕ ಮಾಕ್ಸ್ ಬಾಲ್ಡೆವೆಗ್ ಪಶ್ಚಿಮಕ್ಕೆ ಬಂದು ಬ್ಯೂಂಡೆ ಊರಿನಲ್ಲಿ ಮತ್ತೆ ಶುರು ಮಾಡಿದರು. ಡ್ರೆಸ್‌ಡೆನ್‌ನ ಹಳೆಯ ಕಾರ್ಖಾನೆ ಬೆಲ್ಕಾ ಎಂಬ ಹೆಸರಿನಲ್ಲಿ ನಡೆಯಿತು. ಮೂರು ಭಾಗ ಹೊಂದಿದ ಮಾತ್ರಕ್ಕೆ ಬಾಲ್ಡಾ ಎಂದು ಗಂಟಾಘೋಷವಾಗಿ ಹೇಳುವುದಿಲ್ಲ. "ಬಹುಶಃ ಬಾಲ್ಡಾ" ಎನ್ನುತ್ತೇನೆ.

ನಮ್ಮ ಕಡೆ ಸಿಗುವ ಹೆಸರಿಲ್ಲದ ಕ್ಯಾಮೆರಾ ಎಲ್ಲವೂ ವಿದೇಶಿ ಅಂದುಕೊಳ್ಳಬೇಡಿ. ಮುಂಭಾಗದಲ್ಲಿ ಸೂರ್ಯ, ಮೋಡದ ಚಿತ್ರವಿರುವ, 120ರ ರೀಲಿನಲ್ಲಿ 12 ಫೋಟೋ ಬರುವ ಹಗುರವಾದ ಕಪ್ಪು ಡಬ್ಬ ಸಿಕ್ಕರೆ ಮೊದಲು ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3ರ ಜೊತೆ ಹೋಲಿಸಿ. ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಇದ್ದ ಕ್ಯಾಮೆರಾ ಅದು. ಹಳೇ ಸ್ಟುಡಿಯೋದಿಂದ ಬಂದ, ತೇಗದ ಮರದ ದೊಡ್ಡ ಕ್ಯಾಮೆರಾ ಆದರೆ ಕೇರಳದ ಅಲಪ್ಪುಳದಲ್ಲಿ ಮಾಡುತ್ತಿದ್ದ ವಾಗೀಶ್ವರಿ ಇರಬಹುದು. ಅದಕ್ಕೆ ಸಿಕ್ಕಿಸಿದ ಲೆನ್ಸು ಜರ್ಮನಿಯದೋ ಇಂಗ್ಲೆಂಡಿನದೋ ಆಗಿರುತ್ತದೆ. ಲೆನ್ಸಿನ ವರ್ಷವನ್ನು ಮರದ ಡಬ್ಬಕ್ಕೆ ಅಂಟಿಸಬೇಡಿ.

ಮೋಸ ಹೋಗುವ ಜಾಗಗಳು

ಸಂತೆಯಲ್ಲಿ ಒಬ್ಬರು ಹಿತ್ತಾಳೆ, ಮರ ಸೇರಿಸಿದ ಕ್ಯಾಮೆರಾ ತೋರಿಸಿ "ಬ್ರಿಟಿಷರ ಕಾಲದ್ದು ಸಾರ್, 1890" ಅಂದರು. ತಿರುಗಿಸಿ ನೋಡಿದೆ. ಕೂಡಿಸುವ ಗುರುತಿನ ತಲೆಯ ಸ್ಕ್ರೂ ಹಾಕಿದ್ದರು. ಅಂಥ ಸ್ಕ್ರೂ 1930ರ ದಶಕಕ್ಕೆ ಮುಂಚೆ ಇರಲೇ ಇಲ್ಲ. ಷೋಕೇಸಿಗೆಂದೇ ಮಾಡಿದ ಮಾಲು ಅದು. ಚಿನ್ನದ ಬಣ್ಣ, ಹದ್ದಿನ ಚಿತ್ರ, ನಾಜಿ ಗುರುತು ಇರುವ "ಯುದ್ಧಕಾಲದ ಲೈಕಾ" ಕಂಡರಂತೂ ಕೈ ಜೇಬಿಗೆ ಹೋಗದಿರಲಿ. ಬಹುಪಾಲು ಲೈಕಾದ ಸೋವಿಯತ್ ನಕಲುಗಳಾದ ಫೆಡ್, ಝೋರ್ಕಿಗಳನ್ನು ಉಜ್ಜಿ ಕೆತ್ತಿದವು. ಲೆನ್ಸ್ ಬಿಚ್ಚಿ ಒಳಗೆ ಮೇಲ್ಗಡೆ ನೋಡಿ. ಲೈಕಾದಲ್ಲಿ ಪುಟ್ಟ ಉರುಳೆ ಇರುತ್ತದೆ, ಇವುಗಳಲ್ಲಿ ಮೂಗಿನಂಥ ಚೂಪು ಕಡ್ಡಿ.

ರಿಪೇರಿಯವರು ಬದಲಿಸಿದ ಭಾಗವೂ ದಾರಿ ತಪ್ಪಿಸುತ್ತದೆ. ಡಬ್ಬ ಎಲ್ಲ 1930ರ ದಶಕ ಎನ್ನುತ್ತಿದ್ದು ಶಟರ್ ಮಾತ್ರ 1955 ಎಂದರೆ ಸ್ಕ್ರೂಗಳ ತಲೆ ನೋಡಿ. ಸವೆದು ಗೀರು ಬಿದ್ದಿದ್ದರೆ ಯಾರೋ ಕೈ ಹಾಕಿದ್ದಾರೆ.

ಕೊನೆಗೆ, ಮನೆಯೊಳಗಿನ ಸಾಕ್ಷಿ

ಇದನ್ನು ಯಾರೂ ಮಾಡುವುದಿಲ್ಲ, ನನಗೆ ಇದೇ ಇಷ್ಟ. ಹಳೇ ಆಲ್ಬಮ್ಮಿನಲ್ಲಿ ಚೌಕಾಕಾರದ, 5.6 ಸೆಂ.ಮೀ. ಅಳತೆಯ ಪುಟ್ಟ ಫೋಟೋಗಳಿದ್ದರೆ ಅವು 6×6 ನೆಗೆಟಿವ್‌ನಿಂದ ನೇರವಾಗಿ ಅಚ್ಚು ಹಾಕಿದವು. ನೆಗೆಟಿವ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಕ್ಯಾಮೆರಾದ ಚೌಕಟ್ಟಿನ ಅಂಚಿನಲ್ಲಿರುವ ಪ್ರತಿ ಕಚ್ಚು, ಪ್ರತಿ ಬಣ್ಣದ ಉಬ್ಬು ನೆಗೆಟಿವ್‌ನ ಅಂಚಿನಲ್ಲಿ ಹಾಗೇ ಮೂಡುತ್ತದೆ. ಬೆರಳಚ್ಚಿನ ಹಾಗೆ.

ಟ್ರಂಕಿನಲ್ಲೇ ಒಂದು ಲಕೋಟೆಯಲ್ಲಿ ಆರು ನೆಗೆಟಿವ್ ಇದ್ದವು. ಮಂಕಾದ ಬದಿಯನ್ನು ಲೆನ್ಸಿನ ಕಡೆ ಮಾಡಿ ಒಂದನ್ನು ಚೌಕಟ್ಟಿನ ಮೇಲಿಟ್ಟೆ. ಚೌಕಟ್ಟಿನ ಬಲ ಮೂಲೆಯಲ್ಲಿ ಅಕ್ಕಿನುಚ್ಚಿನಷ್ಟು ಸಣ್ಣ ಕಚ್ಚು ಇದೆ. ನೆಗೆಟಿವ್‌ನ ಅದೇ ಮೂಲೆಯಲ್ಲಿ ಅಂಚು ದಾಟಿ ಹೊರಗೆ ಬಂದ ಕಪ್ಪು ಹಲ್ಲು. ಆರರಲ್ಲೂ ಇತ್ತು. ದೀಪಕ್ಕೆ ಹಿಡಿದು ನೋಡಿದರೆ ಬಾಸಿಂಗ ಕಟ್ಟಿಕೊಂಡ ದೊಡ್ಡಮ್ಮ, ಪಕ್ಕದಲ್ಲಿ ದೊಡ್ಡಪ್ಪ. ಮದುವೆಯ ಕರೆಯೋಲೆ ದೊಡ್ಡಮ್ಮನ ಕಪಾಟಿನಲ್ಲಿದೆ, 1956ರ ಮೇ ತಿಂಗಳು.

ಒಂದು ಚೀಟಿ ಬರೆದು ಕ್ಯಾಮೆರಾದ ಚೀಲದಲ್ಲಿ ಇಟ್ಟಿದ್ದೇನೆ. ಅಂಟಿಸಿಲ್ಲ, ಗೋಂದು ಚರ್ಮಕ್ಕೆ ಆಗದು. "ಜರ್ಮನಿ. 6×6 ಮಡಚುವ ಕ್ಯಾಮೆರಾ. ಶಟರ್ ಪ್ರೊಂಟರ್ ಎಸ್‌ವಿ. ಯುದ್ಧದ ನಂತರ, 1956ರ ಮೇಗಿಂತ ಮುಂಚೆ. ಬಹುಶಃ ಬಾಲ್ಡಾ." ಪೆನ್ಸಿಲಿನಲ್ಲೇ ಬರೆದಿದ್ದೇನೆ.